ಗುಂಡಿಯ ಗಾಳಿ: ಇಳಿದವರ ಚರಿತ್ರೆ

ಹಗೇವು ಕಂಡವರು ಈಗ ನಮ್ಮಲ್ಲಿ ಕಡಿಮೆ. ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೋಡಿ, ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮುಚ್ಚಿ ವರ್ಷಗಟ್ಟಲೆ ಕಾಳು ಕಾಪಾಡುತ್ತಿದ್ದರು. ಅದರ ಬಾಯಿ ತೆಗೆಯೋದಕ್ಕೂ ಒಂದು ಕ್ರಮ ಇತ್ತು. ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳೀತಿರಲಿಲ್ಲ. ಗಾಳಿಯಾಡಲಿ ಅಂತ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು.

ಇದರ ಹಿಂದಿನ ವಿಜ್ಞಾನ ಸರಳ. ಕಾಳಿಗೂ ಉಸಿರಿದೆ. ಮುಚ್ಚಿದ ಗುಂಡಿಯೊಳಗೆ ಅದು ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿ ಭಾರ, ತಳದಲ್ಲಿ ಕೂರುತ್ತದೆ. ಅದರಲ್ಲಿ ದೀಪ ಆರುತ್ತದೆ, ಮನುಷ್ಯನೂ ಆರುತ್ತಾನೆ. ಇದನ್ನು ಯಾವ ಕಾಲೇಜಿನಲ್ಲೂ ಓದದ ನಮ್ಮ ಹಿರಿಯರು ತಿಳಿದಿದ್ದರು. ಮುಚ್ಚಿದ ಜಾಗಕ್ಕೆ ಇಳಿಯುವ ಮುಂಚೆ ಗಾಳಿ ಆಡಿಸು, ಪರೀಕ್ಷೆ ಮಾಡು, ಮೇಲೊಬ್ಬನನ್ನು ನಿಲ್ಲಿಸು: ಇವತ್ತು ಕಾರ್ಖಾನೆಗಳ ಸುರಕ್ಷತಾ ಪುಸ್ತಕದಲ್ಲಿ ಇರುವುದೂ ಇವೇ ಮೂರು ಮಾತು.

ಹಗೇವಿಗೆ ಇಳೀತಿದ್ದವನು ಯಾರು? ಗುಂಡಿಯೊಳಗಿನ ರಾಗಿ ಗೌಡನದು, ಇಳಿಯೋ ಮೈ ಬಹುಮಟ್ಟಿಗೆ ಆಳುಮಗನದು. ಆದರೂ ದೀಪ ಇಳಿಸುತ್ತಿದ್ದರು. ಯಾಕೆಂದರೆ ರಾಗಿ ಮೇಲೆ ಬರಬೇಕಾದರೆ ಇಳಿದವನು ಬದುಕಿರಬೇಕಿತ್ತು. ಈ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾವು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಗುಂಡಿಯ ಚರಿತ್ರೆ. ಅದರಿಂದ ಮೇಲೆ ಬರುವುದಕ್ಕೆ ಯಾವ ಬೆಲೆಯೂ ಇಲ್ಲ. ಹಾಗಾಗಿ ಅದಕ್ಕೆ ಇಳಿಯುವವನಿಗೆ ದೀಪವೂ ಇಲ್ಲ, ಹಗ್ಗವೂ ಇಲ್ಲ.

ಅಪಾಯಕಾರಿ ರಾಸಾಯನಿಕ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಾರ್ಖಾನೆ, ಚಿಮಣಿ, ಪೀಪಾಯಿ, ಅದರ ಮೇಲೆ ತಲೆಬುರುಡೆಯ ಗುರುತು. ಕಕ್ಕಸು ಗುಂಡಿ, ಮ್ಯಾನ್‌ಹೋಲ್, ಚರ್ಮ ಹದ ಮಾಡುವ ತೊಟ್ಟಿ ಇವು ನೆನಪಿಗೆ ಬರುವುದಿಲ್ಲ. ಇವಕ್ಕೆ ಯಾರೂ ತಲೆಬುರುಡೆ ಬರೆದಿಲ್ಲ. ಅಲ್ಲಿ ಕೆಲಸ ಮಾಡುವವರ ಜಾತಿಯೇ ಸಾಕು ಎಂದು ಸಮಾಜ ತೀರ್ಮಾನಿಸಿಬಿಟ್ಟಿದೆ.

*

ಈ ಗುಂಡಿಯ ಗಾಳಿಯ ವಿಚಾರ ಮೊದಲು ಪುಸ್ತಕಕ್ಕೆ ಏರಿದ ಬಗೆ ಕುತೂಹಲದ್ದು. ಇಟಲಿ ದೇಶದ ಮೊಡೆನಾ ಪಟ್ಟಣದಲ್ಲಿ ಬರ್ನಾರ್ಡಿನೊ ರಾಮಾಝಿನಿ ಎಂಬ ವೈದ್ಯನಿದ್ದ. ಅವನ ಮನೆಯ ಕಕ್ಕಸು ಗುಂಡಿ ಬಳಿಯಲು ಒಬ್ಬ ಕೂಲಿಯವನು ಬಂದಿದ್ದ. ಅವನು ಮೈಮೇಲೆ ದೆವ್ವ ಬಂದವನ ಹಾಗೆ ಆತುರಾತುರವಾಗಿ ಕೆಲಸ ಮಾಡುತ್ತಿದ್ದುದನ್ನು ವೈದ್ಯ ಕಂಡ. ಯಾಕಪ್ಪಾ ಇಷ್ಟು ಅವಸರ, ನಿಧಾನ ಮಾಡು ಎಂದ. ಕೂಲಿಯವನು ತಲೆ ಎತ್ತಿದ. ಇಳಿದವರಿಗಷ್ಟೇ ಇದರ ಸಂಕಟ ಗೊತ್ತು, ನಾಕು ತಾಸಿಗಿಂತ ಹೆಚ್ಚು ಇದರೊಳಗಿದ್ದರೆ ಕಣ್ಣು ಹೋಗುತ್ತದೆ ಎಂಬರ್ಥದ ಮಾತು ಹೇಳಿದ. ವೈದ್ಯ ಆ ಮಾತನ್ನು ಕಡೆಗಣಿಸಲಿಲ್ಲ. ಪಟ್ಟಣದ ಇತರ ಗುಂಡಿ ಬಳಿಯುವವರ ಕಣ್ಣು ನೋಡಿದ. ಕೆಂಪಾಗಿ ಊದಿದ್ದವು, ಕೆಲವರು ಕುರುಡರಾಗಿ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರು. ಅವರ ಜೇಬಿನಲ್ಲಿದ್ದ ನಾಣ್ಯಗಳು ಕಪ್ಪಾಗುತ್ತವೆ ಎಂಬುದನ್ನೂ ಗುರುತಿಸಿದ.

ರಾಮಾಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಗಣಿಯವರು, ಕುಂಬಾರರು, ಚರ್ಮ ಹದ ಮಾಡುವವರು, ಅಗಸರು, ಹೀಗೆ ಹತ್ತಾರು ಕಸುಬುಗಳವರ ಬೇನೆಗಳು ಅದರಲ್ಲಿವೆ. ಕೆಲಸದಿಂದ ಬರುವ ಕಾಯಿಲೆಗಳ ವಿಜ್ಞಾನಕ್ಕೆ ಇವತ್ತೂ ಇದನ್ನೇ ಮೂಲ ಗ್ರಂಥ ಎನ್ನುತ್ತಾರೆ. ರೋಗಿಯನ್ನು ನೋಡುವ ವೈದ್ಯರು ಕೇಳಬೇಕಾದ ಪ್ರಶ್ನೆಗಳಿಗೆ ಅವನು ಇನ್ನೊಂದು ಪ್ರಶ್ನೆ ಸೇರಿಸಿದ: ನೀನು ಏನು ಕೆಲಸ ಮಾಡುತ್ತೀಯ?

ಒಂದು ಇಡೀ ವೈದ್ಯಶಾಸ್ತ್ರ ಹುಟ್ಟಿದ್ದು ಕಕ್ಕಸು ಗುಂಡಿಯೊಳಗಿಂದ ತಲೆ ಎತ್ತಿ ಮಾತಾಡಿದ ಒಬ್ಬ ಮನುಷ್ಯನಿಂದ. ಅವನ ಹೆಸರು ಆ ಪುಸ್ತಕದಲ್ಲಿಲ್ಲ. ಆದರೂ ಒಬ್ಬ ವೈದ್ಯ ಅವನನ್ನು ಮಾತಾಡಿಸಿದ, ಅವನ ಉತ್ತರವನ್ನು ಜ್ಞಾನವೆಂದು ತೆಗೆದುಕೊಂಡ. ನಮ್ಮ ನಾಡಿನಲ್ಲಿ ಅದೇ ಹೊತ್ತಿನಲ್ಲಿ ಅದೇ ಕೆಲಸ ಮಾಡುತ್ತಿದ್ದವರನ್ನು ನೋಡುವುದೇ ಮೈಲಿಗೆಯಾಗಿತ್ತು. ಮುಟ್ಟಿ ನಾಡಿ ಹಿಡಿಯುವ ವೈದ್ಯ ಎಲ್ಲಿಂದ ಬರಬೇಕು? ಏನು ಕೆಲಸ ಎಂದು ನಮ್ಮವರನ್ನು ಕೇಳುವ ಅಗತ್ಯವೂ ಇರಲಿಲ್ಲ. ಜಾತಿ ಹೇಳಿದರೆ ಅದೇ ಕೆಲಸ ಹೇಳಿದ ಹಾಗೆ.

*

ಆ ನಾಣ್ಯ ಕಪ್ಪಾದದ್ದೇಕೆ ಎಂಬುದು ರಾಮಾಝಿನಿಗೆ ಪೂರ್ತಿ ಗೊತ್ತಿರಲಿಲ್ಲ. ಆಮೇಲಿನವರಿಗೆ ಗೊತ್ತಾಯಿತು. ಪ್ಯಾರಿಸ್ಸಿನ ಗುಂಡಿ ಬಳಿಯುವವರು ತಮ್ಮನ್ನು ಕೊಲ್ಲುವ ಗಾಳಿಗೆ ಸೀಸ ಎಂದು ಹೆಸರಿಟ್ಟಿದ್ದರು, ಎದೆಯ ಮೇಲೆ ಸೀಸದ ಗುಂಡು ಹೇರಿದ ಹಾಗೆ ಆಗುತ್ತಿತ್ತಂತೆ. ಹಾಲೆ ಎಂಬ ವೈದ್ಯ ಆ ಗುಂಡಿಗಳ ಗಾಳಿಯ ಬಗ್ಗೆ 1785ರಲ್ಲೇ ಪುಸ್ತಕ ಬರೆದ. ಮುಂದಿನ ಶತಮಾನದಲ್ಲಿ ಆ ಗಾಳಿಯಲ್ಲಿ ಕೊಲ್ಲುವ ಮುಖ್ಯ ವಸ್ತು ಹೈಡ್ರೋಜನ್ ಸಲ್ಫೈಡ್ ಎಂಬುದು ತಿಳಿಯಿತು.

ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ 1895ರ ಜುಲೈ 1ರಂದು ಚರಂಡಿ ನೀರು ಎತ್ತುವ ಸ್ಥಾವರದಲ್ಲಿ ಒಬ್ಬ ಕಾರ್ಮಿಕ ಕೆಳಗೆ ಕುಸಿದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನ ಹಿಂದೆ ಮತ್ತೊಬ್ಬ. ಹೀಗೆ ಜೊತೆಗಾರನನ್ನು ಉಳಿಸಲು ಹೋದ ನಾಲ್ವರು ಸತ್ತರು. ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಹೋಗಿ ಪರೀಕ್ಷೆ ಮಾಡಿ, ಕೊಂದದ್ದು ಹೈಡ್ರೋಜನ್ ಸಲ್ಫೈಡ್ ಎಂದು ಸರ್ಕಾರಕ್ಕೆ ವರದಿ ಕೊಟ್ಟ. ಲಂಡನ್ನಿನ ಒಂದು ಉದ್ಯಾನದಲ್ಲಿ ಪರರನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯರ ಹೆಸರುಗಳ ಗೋಡೆಯೊಂದಿದೆ. ಆ ನಾಲ್ವರ ಹೆಸರೂ ಒಂದು ಬಿಲ್ಲೆಯ ಮೇಲೆ ಇವೆ. ಯಾರನ್ನು ಉಳಿಸಲು ಹೋದರೋ ಅವನ ಹೆಸರು ಮಾತ್ರ ಆ ಬಿಲ್ಲೆಯಲ್ಲಿಲ್ಲ. ಬರೀ ಕೆಲಸ ಮಾಡುತ್ತಾ ಸತ್ತವನು ವೀರನಾಗುವುದಿಲ್ಲ ಎಂಬುದು ಅಲ್ಲಿಯ ನ್ಯಾಯವೂ ಹೌದು.

ಅಲ್ಲಿ ಇಳಿದವರು ಬಡವರೇ, ಅವರನ್ನು ಇಳಿಸಿದವರು ಹಣವಂತರೇ. ಯುರೋಪನ್ನು ಹೊಗಳುವ ಉದ್ದೇಶ ನಮಗಿಲ್ಲ. ನಾವು ತೋರಿಸುತ್ತಿರುವುದು ಒಂದೇ: 1896ರ ಹೊತ್ತಿಗೆ ಈ ಸಾವಿನ ಕಾರಣ ಪತ್ತೆಯಾಗಿ, ಬರೆದು, ಅಚ್ಚಾಗಿತ್ತು. ನಮ್ಮನ್ನು ಆಳುತ್ತಿದ್ದದ್ದೂ ಅದೇ ಲಂಡನ್. ನಮ್ಮ ನಗರಗಳಿಗೆ ಚರಂಡಿಯ ಕೊಳವೆಗಳನ್ನು ತಂದ ಆಡಳಿತವೂ ಅದೇ. ಕೊಳವೆ ಹಡಗು ಹತ್ತಿ ಬಂತು, ಹಾಲ್ಡೇನನ ಪಾಠ ಬರಲಿಲ್ಲ. ಇಲ್ಲಿ ಇಳಿಯಲು ಜಾತಿಯೇ ಹುಟ್ಟಿಸಿ ಇಟ್ಟಿದ್ದ ಜನ ಸಿದ್ಧವಾಗಿದ್ದರು.

*

ಈ ಅನಿಲವನ್ನು ನಮ್ಮ ವಿದ್ಯಾರ್ಥಿ ಗೆಳೆಯರು ಬೇರೆ ಕಡೆ ಕಂಡಿರಬಹುದು. ಪಿಯುಸಿ ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣ ಎಂಬ ಮೂರು ಗೋಳದ ಗಾಜಿನ ಪಾತ್ರೆ ಇರುತ್ತಿತ್ತು. ಕಬ್ಬಿಣದ ಸಲ್ಫೈಡಿನ ಮೇಲೆ ಆಮ್ಲ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಲೆಡ್ ಅಸಿಟೇಟ್ ಹಚ್ಚಿದ ಕಾಗದ ಹಿಡಿದರೆ ಕಪ್ಪು. ಅದು ಪರೀಕ್ಷೆಯಲ್ಲಿ ಅಂಕ ಬರುವ ಉತ್ತರ. ಮೊಡೆನಾದ ನಾಣ್ಯ ಕಪ್ಪಾದದ್ದೂ ಆ ಕಾಗದ ಕಪ್ಪಾಗುವುದೂ ಒಂದೇ ಕಾರಣಕ್ಕೆ, ಲೋಹ ಸಲ್ಫೈಡ್ ಆಗುವುದರಿಂದ. ಆ ಉಪಕರಣವನ್ನು ಹೊಗೆ ಹೋಗುವ ಗಾಜಿನ ಕಪಾಟಿನಲ್ಲೋ ಕಿಟಕಿ ಪಕ್ಕದಲ್ಲೋ ಇಡಬೇಕು ಎಂಬುದು ಅಲ್ಲಿಯ ನಿಯಮ. ಒಂದು ಚಿಟಿಕೆ ಅನಿಲಕ್ಕೆ ಅಷ್ಟು ಎಚ್ಚರಿಕೆ. ಅದೇ ಕಾಲೇಜಿನ ಹಿಂದಿನ ಕಕ್ಕಸು ಗುಂಡಿಯಲ್ಲಿ ಅದೇ ಅನಿಲ ಮನುಷ್ಯನನ್ನು ಕೊಲ್ಲುವಷ್ಟು ಕೂತಿರುತ್ತದೆ. ಅದನ್ನು ಬಳಿಯಲು ಬಂದವನಿಗೆ ಪ್ರಯೋಗಶಾಲೆಯ ಮಾತನ್ನು ಹೇಳಿದವರು ಯಾರು?

ಹೇಳದ್ದನ್ನು ನಾವು ಇಲ್ಲಿ ಬಿಡಿಸಿ ಹೇಳುತ್ತೇವೆ. ಮಲ, ರಕ್ತ, ಚರ್ಮ, ಮೀನಿನ ತ್ಯಾಜ್ಯ ಗಾಳಿಯಿಲ್ಲದ ಕಡೆ ಕೊಳೆತಾಗ ಈ ಅನಿಲ ಹುಟ್ಟುತ್ತದೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲಿ ನಿಲ್ಲುತ್ತದೆ. ಕೆಸರಿನೊಳಗೂ ಸಿಕ್ಕಿಕೊಂಡಿರುತ್ತದೆ. ಗುದ್ದಲಿ ಹಾಕಿ ಕಲಕಿದಾಗ ಒಮ್ಮೆಗೇ ಮೇಲೇಳುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ವಾಸನೆ ಬರುತ್ತದೆ. ಸುಮಾರು ನೂರು ಪಾಲಾದರೆ ಕೆಲವೇ ನಿಮಿಷದಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಐನೂರು ದಾಟಿದರೆ ಮನುಷ್ಯ ಕುಸಿಯುತ್ತಾನೆ. ಸಾವಿರದ ಹತ್ತಿರ ಬಂದರೆ ಒಂದೆರಡು ಉಸಿರು ಸಾಕು.

ಇದರಲ್ಲಿ ಅತಿ ಮೋಸದ ಭಾಗ ಮೂಗು ಸಾಯುವುದು. 'ಮೊದಲು ವಾಸನೆ ಇತ್ತು, ಈಗ ಹೋಯ್ತು, ಇಳೀಬಹುದು' ಅಂತ ಹೇಳಿ ಇಳಿದವರು ಎಷ್ಟೋ ಜನ. ವಾಸನೆ ಹೋಗಿರುವುದಿಲ್ಲ, ಹೋಗಿರುವುದು ಮೂಗು. ಹಗೇವಿನ ದೀಪವೂ ಇಲ್ಲಿ ನಂಬಿಕೆಗೆ ಬಾರದು. ಈ ಅನಿಲ ಕೊಲ್ಲುವಷ್ಟಿದ್ದರೂ ದೀಪ ಉರಿಯುತ್ತಲೇ ಇರಬಹುದು. ಮೇಲಾಗಿ ಕಕ್ಕಸು ಗುಂಡಿಯಲ್ಲಿ ಮೀಥೇನ್ ಕೂಡ ಇರುತ್ತದೆ. ದೀಪವೋ ಬೀಡಿಯೋ ತಗುಲಿದರೆ ಗುಂಡಿಯೇ ಸಿಡಿಯಬಹುದು. ಬಾಯಿಗೆ ಕಟ್ಟಿದ ಬಟ್ಟೆ ಇದನ್ನು ತಡೆಯುವುದಿಲ್ಲ. ವಾಸನೆ ತಡೆಯಲೆಂದು ಕುಡಿಸುವ ಸಾರಾಯಿಯಂತೂ ತಡೆಯುವುದೇ ಇಲ್ಲ. ಅದು ಎಚ್ಚರ ತಪ್ಪಿಸುತ್ತದೆ, ಆಮೇಲೆ 'ಕುಡಿದಿದ್ದ, ಬಿದ್ದು ಸತ್ತ' ಎಂದು ಬರೆಯಲು ಕಂಟ್ರಾಕ್ಟರನಿಗೆ ಅನುಕೂಲವಾಗುತ್ತದೆ.

*

ಈ ಅನಿಲ ದೇಹದ ಕಣಗಳು ಆಮ್ಲಜನಕವನ್ನು ಬಳಸದ ಹಾಗೆ ಮಾಡುತ್ತದೆ. ಸಯನೈಡ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಸಯನೈಡಿನ ಹೆಸರು ಬಂದ ಮೇಲೆ ನಾವು ಕೋಲಾರದ ಚಿನ್ನದ ಗಣಿಗೆ ಹೋಗಲೇಬೇಕು.

ಕೆ.ಜಿ.ಎಫ್.ನಲ್ಲಿ ಎರಡು ಬಗೆಯ ಗುಂಡಿಗಳಿದ್ದವು. ಒಂದು ಚಿನ್ನದ್ದು. ಅದು ಮೂರು ಕಿಲೋಮೀಟರಿಗೂ ಆಳ. ಅದಕ್ಕಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆದರು. ಆಳಕ್ಕೆ ಗಾಳಿ ನೂಕಲು ಯಂತ್ರ, ಇಳಿಯಲು ತೊಟ್ಟಿಲು, ಉಕ್ಕಿನ ಹಗ್ಗ, ತಲೆಗೆ ದೀಪ. ಪುಡಿ ಮಾಡಿದ ಕಲ್ಲಿನಿಂದ ಚಿನ್ನ ಕರಗಿಸಿ ತೆಗೆಯಲು ಸಯನೈಡ್. ಆ ಸಯನೈಡ್ ಹೊಕ್ಕು ಬಂದ ಮಣ್ಣಿನ ದಿಬ್ಬಗಳು ಇವತ್ತೂ ಊರ ನೆತ್ತಿಯ ಮೇಲೆ ಬೆಟ್ಟದ ಹಾಗೆ ನಿಂತಿವೆ. ಗಾಳಿ ಬಿಟ್ಟಾಗ ಆ ದೂಳು ಮನೆಯೊಳಕ್ಕೆ ಬರುತ್ತದೆ. ಗಣಿಗೆ ಇಳಿದವರು ಸುಖವಾಗಿದ್ದರು ಎಂದು ನಾವು ಹೇಳುತ್ತಿಲ್ಲ. ತಮಿಳು ನಾಡಿನ ಕಡೆಯಿಂದ ಬಂದ ನಮ್ಮದೇ ಜನ ಕಲ್ಲು ಸಿಡಿದು ಸತ್ತರು, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಲ್ಲಾಗಿ ಸತ್ತರು. ಆದರೂ ಆ ಗುಂಡಿಗೆ ಗಾಳಿಯನ್ನಾದರೂ ಕಳಿಸಿದರು. ಚಿನ್ನ ಮೇಲೆ ಬರಬೇಕಾಗಿತ್ತಲ್ಲ.

ಎರಡನೆಯದು ಅದೇ ಊರಿನ ಕಾರ್ಮಿಕರ ಲೈನುಗಳ ಒಣ ಕಕ್ಕಸು. ಸಾವಿರಾರು ಜನರಿಗೆ ನೀರಿಲ್ಲದ ಸಾಲು ಕಕ್ಕಸುಗಳು. ಅದನ್ನು ಬಳಿಯಲು ಬೇರೆಯೇ ಒಂದು ಜಾತಿಯ ಜನ. ಅವರ ಕೈಗೆ ಕೊಟ್ಟದ್ದು ಬಕೆಟ್ಟು, ಪೊರಕೆ, ತಗಡು. ಅವರ ಮಕ್ಕಳಲ್ಲೊಬ್ಬರಾದ ಬೆಜವಾಡ ವಿಲ್ಸನ್ ಎಂಬತ್ತರ ದಶಕದಲ್ಲಿ ಅಲ್ಲೇ ಇದರ ವಿರುದ್ಧ ದನಿ ಎತ್ತಿದರು. ಆಮೇಲೆ ದೇಶದ ತುಂಬಾ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಅತಿ ಆಧುನಿಕ ಯಂತ್ರ ಬಂದ ಊರಿನಲ್ಲೇ ಅತಿ ಹಳೆಯ ಕೈಕೆಲಸ ಉಳಿದದ್ದೇಕೆ? ವಿಜ್ಞಾನ ಬರಲಿಲ್ಲ ಎನ್ನುವ ಹಾಗಿಲ್ಲ. ಬಂದಿತ್ತು, ಚಿನ್ನದ ಬಾವಿಯವರೆಗೆ ಬಂದು ನಿಂತಿತ್ತು.

ಜಾತಿ ಎಂದರೆ ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರನ್ನೇ ವಿಭಜಿಸುವುದು ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಗಣಿಯ ಕಾರ್ಮಿಕನೂ ಕಕ್ಕಸು ಬಳಿಯುವವಳೂ ಒಂದೇ ಕಂಪನಿಯ ನೆಲದಲ್ಲಿ ದುಡಿದರೂ ಅಪಾಯ ಹಂಚಿದ್ದು ಹೀಗೆ. ಸಂಪಾದಿಸುವ ಗುಂಡಿಗೊಂದು ನ್ಯಾಯ, ಬಳಿಯುವ ಗುಂಡಿಗೊಂದು ನ್ಯಾಯ.

*

ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. 1973ರಲ್ಲಿ ಅವರಾಡಿದ ಒಂದು ಮಾತಿಗೆ ಬೂಸಾ ಗಲಾಟೆ ಎದ್ದು ಅವರ ಕುರ್ಚಿ ಹೋದದ್ದು ನಮ್ಮ ಓದುಗರಿಗೆಲ್ಲ ಗೊತ್ತು. ಸಾಹಿತ್ಯವನ್ನು ಬೂಸಾ ಎಂದದ್ದಕ್ಕೆ ಬೀದಿಗಿಳಿದ ಅಕ್ಷರಸ್ಥ ಕರ್ನಾಟಕ, ಮಲದ ಬುಟ್ಟಿಯ ವಿಚಾರಕ್ಕೆ ಹಾಗೆ ಎಂದೂ ಬೀದಿಗೆ ಇಳಿದಿರಲಿಲ್ಲ.

ಬುಟ್ಟಿ ತಲೆಯಿಂದ ಇಳಿಯಿತು. ಅದು ದೊಡ್ಡ ಹೆಜ್ಜೆ, ಅದನ್ನು ನಾವು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬುಟ್ಟಿಯ ಜಾಗಕ್ಕೆ ಬಂದದ್ದು ಪಿಟ್ಟು, ಸೆಪ್ಟಿಕ್ ಟ್ಯಾಂಕು, ಮ್ಯಾನ್‌ಹೋಲು. ಮೊದಲು ಹೇಲು ನಮ್ಮವರ ತಲೆಗೆ ಏರುತ್ತಿತ್ತು, ಆಮೇಲೆ ನಮ್ಮವರೇ ಹೇಲಿನೊಳಕ್ಕೆ ಇಳಿದರು. ಬುಟ್ಟಿಯಲ್ಲಿ ಅವಮಾನವಿತ್ತು, ಕಾಯಿಲೆಯಿತ್ತು. ಮುಚ್ಚಿದ ಗುಂಡಿಯಲ್ಲಿ ಇವೆರಡರ ಜೊತೆಗೆ ವಿಷಗಾಳಿಯೂ ಸೇರಿತು. ಮನೆ ಮಾಲೀಕನಿಗೆ ವಾಸನೆ ಕಾಣದ ಹಾಗೆ ಮುಚ್ಚಿದ ಚಪ್ಪಡಿಯೇ ಆ ವಿಷವನ್ನು ಕೂಡಿಹಾಕಿದ್ದು.

ಕಾನೂನು ಏನು ಮಾಡಿತು? 1948ರ ಕಾರ್ಖಾನೆ ಕಾಯ್ದೆಯ 36ನೆಯ ಕಲಮನ್ನು ಓದಿದವರಿಗೆ ಆಶ್ಚರ್ಯವಾಗುತ್ತದೆ. ವಿಷಗಾಳಿ ಇರಬಹುದಾದ ತೊಟ್ಟಿ, ಗುಂಡಿ, ಕೊಳವೆಗಳಿಗೆ ಯಾರನ್ನೂ ಸುಮ್ಮನೆ ಇಳಿಸಕೂಡದು. ಗಾಳಿ ಪರೀಕ್ಷಿಸಿ ತಿಳಿದವನೊಬ್ಬ ಬರವಣಿಗೆಯಲ್ಲಿ ಸರ್ಟಿಫಿಕೇಟು ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ ಇರಬೇಕು, ಸೊಂಟಕ್ಕೆ ಪಟ್ಟಿ ಕಟ್ಟಿ ಹಗ್ಗದ ತುದಿಯನ್ನು ಹೊರಗಿನವನು ಹಿಡಿದಿರಬೇಕು ಎಂದು ಅಲ್ಲಿ ಬರೆದಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ ಬರೆದದ್ದು! ಆದರೆ ಅದು ಕಾರ್ಖಾನೆಯ ಗುಂಡಿಗೆ. ಊರಿನ ಕಕ್ಕಸು ಗುಂಡಿ ಕಾರ್ಖಾನೆ ಅಲ್ಲ. ಅದಕ್ಕೆ ಇಳಿಯುವವನು ಕಾನೂನಿನ ಲೆಕ್ಕದಲ್ಲಿ ಕಾರ್ಮಿಕನೂ ಅಲ್ಲ. ಅವನು ಜಾಡಮಾಲಿ.

ಮುಂದೆ 1984ರ ಡಿಸೆಂಬರಿನಲ್ಲಿ ಭೋಪಾಲ್ ಆಯಿತು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ಮೀಥೈಲ್ ಐಸೊಸಯನೇಟ್ ಸೋರಿ ಒಂದೇ ರಾತ್ರಿ ಸಾವಿರಾರು ಜನ ಸತ್ತರು. ಹೆಚ್ಚಿನವರು ಕಾರ್ಖಾನೆ ಗೋಡೆ ಪಕ್ಕದ ಬಡ ಕೇರಿಗಳವರು. ಆ ಕಾರ್ಖಾನೆಯ ಸುರಕ್ಷತೆಯ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ದುಡಿಯುವ ಕೈಗಳ ಭಾಷೆ ಹಿಂದಿಯಾಗಿತ್ತು. ಆಮೇಲೆ 1987ರಲ್ಲಿ ಕಾಯ್ದೆ ತಿದ್ದಿ, ತಾನು ಮುಟ್ಟುತ್ತಿರುವ ವಸ್ತುವಿನ ಅಪಾಯವನ್ನು ತಿಳಿಯುವುದು ಕಾರ್ಮಿಕನ ಹಕ್ಕು ಎಂದು ಸೇರಿಸಿದರು. ಭೋಪಾಲದ ಹೆಣಗಳ ಮೇಲೆ ಬಂದ ಈ ಹಕ್ಕೂ ಕಾರ್ಖಾನೆಯ ಗೇಟು ದಾಟಿ ಮ್ಯಾನ್‌ಹೋಲಿನವರೆಗೆ ನಡೆದು ಬರಲಿಲ್ಲ.

ಒಣ ಕಕ್ಕಸು ನಿಷೇಧಿಸುವ ಕಾಯ್ದೆ ಬಂದದ್ದು 1993ರಲ್ಲಿ. ಅದರಲ್ಲಿ ಮ್ಯಾನ್‌ಹೋಲ್ ಸೇರಿರಲಿಲ್ಲ. 2013ರ ಕಾಯ್ದೆ ಅದನ್ನು ಸೇರಿಸಿತು. ಆದರೆ ಅಲ್ಲೂ ಒಂದು ಕಿಂಡಿ ಇಟ್ಟಿದ್ದಾರೆ. ಸುರಕ್ಷತಾ ಸಾಮಗ್ರಿ ಇಲ್ಲದೆ ಇಳಿಸುವುದು ಅಪರಾಧ. ಸಾಮಗ್ರಿ ಕೊಟ್ಟು ಇಳಿಸಿದರೆ? ಕೈಗೊಂದು ಗ್ಲೌಸು, ಕಾಲಿಗೊಂದು ಬೂಟು ಕೊಟ್ಟು ಫೋಟೊ ಹಿಡಿದು 'ಸಾಮಗ್ರಿ ಕೊಟ್ಟಿದ್ದೇವೆ' ಎನ್ನುವವರು ಹುಟ್ಟಿಕೊಂಡರು. ಗ್ಲೌಸು ಕೈಗೆ, ಗಾಳಿ ಹೋಗುವುದು ಎದೆಗೆ. ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು, 1993ರಿಂದ ಹೀಗೆ ಸತ್ತವರನ್ನೆಲ್ಲ ಗುರುತಿಸಿ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿದ್ದು ನ್ಯಾಯವೇ. ಆದರೆ ಹೆಣದ ಬೆಲೆ ಏರಿದರೆ ಸಾಲದು. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಗಾಳಿ ಅಳೆಯುವ ಒಂದು ಮೀಟರು ಬರುತ್ತದೆ.

*

ಈ ಚರಿತ್ರೆ ಮುಗಿದುಹೋದ ಚರಿತ್ರೆಯಲ್ಲ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಬಳಿ ಒಂದು ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. ನೊಬೆಲ್ ಪಡೆದ ವಿಜ್ಞಾನಿಯ ಹೆಸರಿನ ಬಡಾವಣೆ ಅದು. 2022ರ ಏಪ್ರಿಲಿನಲ್ಲಿ ಮಂಗಳೂರು ಬಳಿಯ ಬಜ್ಪೆಯ ಒಂದು ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ತೊಟ್ಟಿಗೆ ಒಬ್ಬ ಇಳಿದು ಕುಸಿದ. ಎತ್ತಲು ಹೋದವರೂ ಕುಸಿದರು. ಐವರು ಸತ್ತರು. ಐವರೂ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದ ಹುಡುಗರು. 1895ರ ಈಸ್ಟ್ ಹ್ಯಾಮ್ 127 ವರ್ಷಗಳ ಮೇಲೆ ನಮ್ಮ ಕರಾವಳಿಯಲ್ಲಿ ಹಾಗೇ ನಡೆಯಿತು. ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಸಲು ಹೋದವರು ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಹೇಳಿದೆ.

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಹೊರಬಂತು. ಇಳಿಸಿದ್ದು ದಲಿತ ಮಕ್ಕಳನ್ನು. ಇಳಿಸಿದವರು ಅಕ್ಷರ ಕಲಿಸಬೇಕಾದವರು. ಅದೇ ಕೋಲಾರ, ಕೆ.ಜಿ.ಎಫ್. ಇರುವ ಜಿಲ್ಲೆ. ಆ ಮಕ್ಕಳು ಬದುಕಿ ಬಂದದ್ದು ಯಾರ ಎಚ್ಚರಿಕೆಯಿಂದಲೂ ಅಲ್ಲ.

ಪತ್ರಿಕೆಗಳು ಇಂಥ ಸಾವುಗಳನ್ನು 'ಆಕಸ್ಮಿಕ', 'ದುರಂತ' ಎಂದು ಬರೆಯುತ್ತವೆ. 1700ರಿಂದ ಗೊತ್ತಿರುವುದು ಆಕಸ್ಮಿಕ ಹೇಗಾಗುತ್ತದೆ? ಕಾರಣ ಗೊತ್ತು, ಅಳತೆ ಗೊತ್ತು, ತಡೆಯುವ ದಾರಿ ಗೊತ್ತು, ಕಾನೂನೂ ಇದೆ. ಗೊತ್ತಿದ್ದೂ ಇಳಿಸಿದರೆ ಅದಕ್ಕೆ ಇರುವ ಹೆಸರು ಕೊಲೆ.

*

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲ ಬೇಡಿಕೆ ಒಂದೇ: ಗುಂಡಿಗೆ ಮನುಷ್ಯ ಇಳಿಯಕೂಡದು. ಹೀರುವ ಯಂತ್ರ ಇದೆ, ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಇದೆ. ಪ್ರತಿ ಪುರಸಭೆಯಲ್ಲಿ, ಪ್ರತಿ ಪಂಚಾಯ್ತಿಯ ಕೈಗೆ ಸಿಗುವ ಹಾಗೆ ಅದು ಇರಬೇಕು. ಸುರಕ್ಷಿತವಾಗಿ ಇಳಿಯೋದು ಹೇಗೆ ಎಂದು ನಮ್ಮ ಜನಕ್ಕೆ ಪಾಠ ಹೇಳುವುದು ನಮ್ಮ ಚಳವಳಿಯ ಕೆಲಸವಲ್ಲ. ಆದರೆ ನಾಳೆ ಬೆಳಿಗ್ಗೆ ಯಾರೋ ಮೇಸ್ತ್ರಿ ಬಂದು ಐನೂರು ರೂಪಾಯಿ ತೋರಿಸಿದರೆ ಹಸಿದ ಹುಡುಗ ಇಳೀತಾನೆ. ಅವನು ಉಳಿಯಬೇಕು. ಅದಕ್ಕೇ ಕೆಲವು ಮಾತುಗಳನ್ನು ಕೇರಿಯ ಗೋಡೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಮೂಗನ್ನು ನಂಬಬೇಡಿ, ದೀಪ ಇಳಿಸಬೇಡಿ, ಬೀಡಿ ಹಚ್ಚಬೇಡಿ. ಅನಿಲದ ಮೀಟರು ಹಿಡಿಯದ ಗುಂಡಿ ಕೊಲ್ಲುವ ಗುಂಡಿ ಅಂತಲೇ ತಿಳಿಯಿರಿ. ಒಬ್ಬ ಬಿದ್ದರೆ ಅವನ ಅಣ್ಣನೇ ಆಗಿರಲಿ, ಅಪ್ಪನೇ ಆಗಿರಲಿ, ಹಿಂದೆ ಇಳಿಯಬೇಡಿ. ಹೊರಗಿನಿಂದ ಹಗ್ಗ ಎಳೆಯಿರಿ, ಗಾಳಿ ನೂಕುವುದಿದ್ದರೆ ನೂಕಿ, 112ಕ್ಕೆ ಕರೆ ಮಾಡಿ ಉಸಿರಾಟದ ಉಪಕರಣವಿರುವ ಅಗ್ನಿಶಾಮಕ ದಳ ಕರೆಸಿ. ಇದು ಕಲ್ಲೆದೆಯ ಮಾತಲ್ಲ. ಒಂದು ಹೆಣದ ಮೇಲೆ ಮೂರು ಹೆಣ ಬೀಳದಿರಲಿ ಎಂಬ ಮಾತು. ಕಕ್ಕಸು ತೊಳೆಯುವ ಅಕ್ಕಂದಿರಿಗೂ ಒಂದು ಮಾತು: ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದೂ ಕೂಡಿಸಬೇಡಿ, ಕ್ಲೋರಿನ್ ಎಂಬ ವಿಷಗಾಳಿ ಎದ್ದು ಎದೆ ಸುಡುತ್ತದೆ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮ ವಿನಂತಿ ಬೇರೆ. ನಿಮ್ಮ ಪಾಠದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಂದಾಗ ಸೂತ್ರ ಬರೆಸಿ ನಿಲ್ಲಿಸಬೇಡಿ. ಕಪ್ಪಾದ ನಾಣ್ಯದ ಕತೆ ಹೇಳಿ. ಹಿಂದಿನ ಬೆಂಚಿನ ಹುಡುಗನೊಬ್ಬನ ಚಿಕ್ಕಪ್ಪ ಆ ಅನಿಲ ಕುಡಿದು ಸತ್ತಿರಬಹುದು. ಆ ಮನೆಗೆ ಹೋಗಬೇಕಾದ ವಿಜ್ಞಾನ ನಿಮ್ಮ ತರಗತಿಯಿಂದಲೇ ಹೋಗಬೇಕು. ನಿಮ್ಮ ಶಾಲೆಯ ಗುಂಡಿ ತುಂಬಿದಾಗ ಮಕ್ಕಳ ಕಡೆ ನೋಡಬೇಡಿ, ಪಂಚಾಯ್ತಿಗೆ ಕಾಗದ ಬರೆಯಿರಿ.

ಕಾರ್ಯಕರ್ತ ಗೆಳೆಯರು ಸಾವಿನ ಸುದ್ದಿ ಬಂದ ಕೂಡಲೇ ಆ ಜಾಗಕ್ಕೆ ಹೋಗಬೇಕು. 'ಕುಡಿದಿದ್ದ', 'ಕಾಲು ಜಾರಿದ' ಎಂದು ಬರೆಸಿಕೊಳ್ಳುವ ಮುಂಚೆ ಹೋಗಬೇಕು. ಇಳಿಸಿದವನ ಮೇಲೆ 2013ರ ಕಾಯ್ದೆ ಬರೆಸಿ. ದಲಿತರನ್ನು ಈ ಕೆಲಸಕ್ಕೆ ಹಚ್ಚುವುದನ್ನು 2015ರ ತಿದ್ದುಪಡಿ ದೌರ್ಜನ್ಯ ಎಂದೇ ಸೇರಿಸಿದೆ, ಅದನ್ನೂ ಬರೆಸಿ. ಸತ್ತವನ ಹೆಸರು, ಊರು, ವಯಸ್ಸು, ಇಳಿಸಿದವರು ಯಾರು, ಆ ಹೊತ್ತು ಮೀಟರು ಇತ್ತೇ, ಹಗ್ಗ ಇತ್ತೇ ಎಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ದಾಖಲಿಸಿ. ನಮ್ಮ ಜನರ ಚರಿತ್ರೆಗೆ ಶಾಸನ ಕೆತ್ತಿಸುವ ರಾಜರಿಲ್ಲ. ಆ ನೋಟ್‌ಪುಸ್ತಕವೇ ನಮ್ಮ ಶಾಸನ.

ಮೊಡೆನಾದಲ್ಲಿ ಗುಂಡಿಯಿಂದ ತಲೆ ಎತ್ತಿದವನಿಗೆ ಮಾತಾಡಲು ಉಸಿರಿತ್ತು, ಕೇಳಲು ಒಬ್ಬ ವೈದ್ಯನಿದ್ದ. ನಮ್ಮವರು ಇಳಿದು ಮುನ್ನೂರು ವರ್ಷವಾದರೂ ಮೇಲೆ ನಿಂತವರು ಮೂಗು ಮುಚ್ಚಿಕೊಂಡೇ ಇದ್ದಾರೆ. ಗೌಡನ ರಾಗಿಗೆ ದೀಪ ಇಳಿಸಿದ ಊರು, ದೊರೆಯ ಚಿನ್ನಕ್ಕೆ ಗಾಳಿ ಇಳಿಸಿದ ನಾಡು, ತನ್ನ ಹೇಲು ಬಳಿಯುವವನಿಗೆ ಏನನ್ನು ಇಳಿಸಿದೆ ಎಂದು ನಾವು ಕೇಳುತ್ತಿದ್ದೇವೆ. ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತೇವೆ.